ಹೊರಡುವ ಮೊದಲೇ ಬಂದಿಳಿದ ಪಾರಿವಾಳ

ನಮ್ಮ ಬ್ರೋಕನ್ ಹಿಲ್ ಊರಿನಲ್ಲಿ ಯಾರನ್ನು ಬೇಕಾದರೂ ನಂಬಬಹುದು, ಪಾರಿವಾಳ ಸಾಕುವವರನ್ನು ಬಿಟ್ಟು. ಇದನ್ನು ಹೊಟ್ಟೆಕಿಚ್ಚಿಗೆ ಹೇಳುತ್ತಿಲ್ಲ. ನಾನೂ ಪಾರಿವಾಳ ಸಾಕುತ್ತೇನೆ. ಸಾಲದ್ದಕ್ಕೆ ಪಾರಿವಾಳ ಸಂಘದ ಕಾರ್ಯದರ್ಶಿಯೂ ಆಗಿದ್ದೇನೆ. ಗಣಿಯೊಳಗೆ ಒಟ್ಟಿಗೆ ಇಳಿದು, ಒಬ್ಬರ ಜೀವ ಇನ್ನೊಬ್ಬರ ಕೈಯಲ್ಲಿಟ್ಟು ಬಾಳಿದ ಗಂಡಸರು, ಪಂದ್ಯದ ಶನಿವಾರ ಬಂತೆಂದರೆ ಪಕ್ಕದ ಮನೆಯವನ ಕೈಗಡಿಯಾರವನ್ನೂ ನಂಬುವುದಿಲ್ಲ.

ಇಂಥ ಸಂಘದಲ್ಲಿ ನನ್ನ ಬೇಲಿಯಾಚೆಯ ಕ್ಲೆಮ್ ಪೆಂಗೆಲ್ಲಿ ಒಬ್ಬ ಮಾತ್ರ ಯಾರ ಅನುಮಾನಕ್ಕೂ ಸಿಗದೆ ಬದುಕಿದ್ದ. ಕಾರಣ ಬಹಳ ಸರಳ. ಅವನ ಹಕ್ಕಿ ಎಂದೂ ಗೆದ್ದಿರಲಿಲ್ಲ. ಸೋಲುವವನನ್ನು ಅನುಮಾನಿಸಿ ಯಾರು ಹೊತ್ತು ಹಾಳು ಮಾಡಿಕೊಳ್ಳುತ್ತಾರೆ? ಆದರೆ ಹಕ್ಕಿಗಳ ಮೇಲೆ ಅವನಿಗಿದ್ದ ಪ್ರೀತಿ ಮಾತ್ರ ಗೆಲ್ಲುವವರಿಗೂ ಇರಲಿಲ್ಲ. ಗಣಿಯ ಕೆಲಸ ಮುಗಿಸಿ ಮನೆಯಲ್ಲಿ ಕೂತ ಮೇಲೆ ಅವನು ಹೆಂಡತಿ ನೋರೀನಳಿಗಿಂತ ಮೊದಲು ಡಚೆಸ್‌ಗೆ ಶುಭೋದಯ ಹೇಳುತ್ತಿದ್ದ. ಡಚೆಸ್ ಎಂದರೆ ಅವನ ಬೂದು ಬಣ್ಣದ ಹೆಣ್ಣು ಪಾರಿವಾಳ.

ಅವನಿಗೆ ಇದ್ದದ್ದು ಒಂದೇ ಚಟ. ಯಾವ ಮಾತು ಎತ್ತಿದರೂ "ಅದು ನಂಗೊತ್ತು" ಎನ್ನುವುದು. ಗೊತ್ತಿಲ್ಲ ಎನ್ನುವ ಮಾತು ಅವನ ಬಾಯಿಂದ ಬಂದದ್ದನ್ನು ನಾನು ಕೇಳಿಲ್ಲ, ನೋರೀನ್ ಮದುವೆಯ ದಿನವೂ ಕೇಳಿಲ್ಲವಂತೆ.

ಈ ವರ್ಷ ಸಂಘದವರು ಎಲ್ಲರೂ ಎಲೆಕ್ಟ್ರಾನಿಕ್ ಗಡಿಯಾರ ತರಿಸಬೇಕೆಂದು ತೀರ್ಮಾನಿಸಿದರು. ಹಕ್ಕಿಯ ಕಾಲಿಗೆ ಒಂದು ಉಂಗುರ, ಗೂಡಿನ ಬಾಗಿಲಲ್ಲಿ ಒಂದು ಹಲಗೆ. ಹಕ್ಕಿ ಬಂದು ಹಲಗೆ ತುಳಿದ ಕ್ಷಣವೇ ಸಮಯ ದಾಖಲು. ಎಲ್ಲರೂ ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಗಡಿಯಾರದ ಡಬ್ಬಕ್ಕೆ ಹೆಸರು ಕೊಟ್ಟರು. ಕ್ಲೆಮ್ ಮಾತ್ರ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದ.

"ನಂಗೆ ಡಬ್ಬ ಬೇಡ. ನಾನು ಲಿನಕ್ಸ್‌ನಲ್ಲಿ ಮಾಡ್ಕೋತೀನಿ."

ಸಂಘದ ಅಧ್ಯಕ್ಷ ವಿಂಕೊ ರಾಡಿಚ್‌ನ ಹುಬ್ಬು ಮೇಲೇರಿತು. ವಿಂಕೊನ ಹುಬ್ಬುಗಳು ಹುಟ್ಟಿದ್ದೇ ಅನುಮಾನಕ್ಕಾಗಿ. "ಲಿನಕ್ಸ್ ಅಂದ್ರೇನಯ್ಯಾ?"

"ಅದನ್ನ ನಿಂಗೆ ಹೇಳೋಕೆ ಕೂತ್ರೆ ಬೆಳಗಾಗುತ್ತೆ."

ಕ್ಲೆಮ್‌ಗೆ ಬೆಳಗಾದರೂ ಹೇಳಲು ಬರುತ್ತಿರಲಿಲ್ಲ ಎನ್ನುವುದು ಬೇರೆ ಮಾತು. ಅಡಿಲೇಡಿನಲ್ಲಿರುವ ನೋರೀನಳ ತಮ್ಮ ರೋಲಿ ಆ ಪದವನ್ನು ಈಸ್ಟರ್ ಹಬ್ಬದ ಊಟದಲ್ಲಿ ಬಳಸಿದ್ದ, ಇವನು ಅದನ್ನು ಕುರಿಮಾಂಸದ ಜೊತೆ ನುಂಗಿದ್ದ, ಅಷ್ಟೇ. ಮುಂದಿನ ವಾರ ರೋಲಿಯೇ ಬಂದು ಎಲ್ಲ ಜೋಡಿಸಿಕೊಟ್ಟ. ಪಾರಿವಾಳದ ತಂತ್ರಾಂಶ ಲಿನಕ್ಸ್ ಎಂಬ ಬೇರೆ ಜಾತಿಯ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಮಾತ್ರ ಓಡುತ್ತದೆ, ಕ್ಲೆಮ್‌ನ ಲ್ಯಾಪ್‌ಟಾಪೋ ಮಾಮೂಲಿನದು. ಆದ್ದರಿಂದ ಆ ಲ್ಯಾಪ್‌ಟಾಪಿನ ಒಳಗೆ, ಕಾಂಗರೂ ಚೀಲದೊಳಗೆ ಮರಿ ಇದ್ದಂತೆ, ಇನ್ನೊಂದು ಕಂಪ್ಯೂಟರನ್ನು ಸುಳ್ಳುಸುಳ್ಳೇ ಸೃಷ್ಟಿಸಿದ. ಅದಕ್ಕೆ ವರ್ಚುಯಲ್ ಮಷಿನ್ ಎನ್ನುತ್ತಾರೆ. ಒಳಗಿನ ಮರಿಗೆ ಅದರದೇ ಗಡಿಯಾರ. ರೋಲಿ ಇನ್ನೇನೋ ಹೇಳಲು ಬಾಯಿ ತೆರೆದಾಗ ಕ್ಲೆಮ್ ಕೈಯೆತ್ತಿ ತಡೆದನಂತೆ, "ಅದು ನಂಗೊತ್ತು."

ಮೊದಲ ಪಂದ್ಯ ಕೊಬಾರ್ ಊರಿನಿಂದ. ಲಾರಿಯಲ್ಲಿ ಹೋದ ಹಕ್ಕಿಗಳನ್ನು ಶನಿವಾರ ಬೆಳಗ್ಗೆ ಅಲ್ಲಿ ಬಿಟ್ಟರೆ, ಗಾಳಿ ಒಳ್ಳೆಯದಿದ್ದರೆ ಮಧ್ಯಾಹ್ನಕ್ಕೆ ಇಲ್ಲಿ. ಹಿಂದಿನ ರಾತ್ರಿ ಕೆಂಪು ಧೂಳಿನ ಗಾಳಿ ಎದ್ದಿತ್ತು. ಕ್ಲೆಮ್ ಯಂತ್ರದ ಮುಚ್ಚಳ ಮುಚ್ಚಿ, ಮೇಲೊಂದು ಟವೆಲ್ ಹೊದಿಸಿ, ತಾನೂ ಹೋಗಿ ಮಲಗಿದ. ಬೆಳಗ್ಗೆ ಮುಚ್ಚಳ ತೆರೆದು ಕಾದು ಕೂತ. ಮಟಮಟ ಮಧ್ಯಾಹ್ನ ಡಚೆಸ್ ಆಕಾಶದಿಂದ ಜಾರಿ ಬಂದು ಹಲಗೆಯ ಮೇಲೆ ಇಳಿಯಿತು. ಕ್ಲೆಮ್ ಕೂಗಿದ ಕೂಗಿಗೆ ನಾನು ಬೇಲಿ ಹಾರಿ ಹೋದೆ.

ಪರದೆ ನೋಡಿದೆ. ಕನ್ನಡಕ ಒರೆಸಿ ಮತ್ತೆ ನೋಡಿದೆ.

"ಕ್ಲೆಮ್, ಇದ್ರಲ್ಲಿ ರಾತ್ರಿ ಎರಡು ಗಂಟೆ ಅಂತಿದೆಯಲ್ಲೋ?"

ಅವನ ಮುಖ ಒಂದು ಗಳಿಗೆ ಇಂಗು ತಿಂದ ಮಂಗನಂತಾಯಿತು. ಮರುಗಳಿಗೆ ಸಾವರಿಸಿಕೊಂಡ. "ಅದು ಲಿನಕ್ಸ್ ಟೈಮು, ಎನಿಡ್. ಅಂತರರಾಷ್ಟ್ರೀಯ. ನಿಂಗೆ ಅರ್ಥ ಆಗಲ್ಲ ಬಿಡು."

ಅರ್ಥವಾಗಲಿಲ್ಲ, ನಿಜ. ಆದರೆ ಸಂಘದ ನಿಯಮಕ್ಕೆ ಅರ್ಥದ ಹಂಗಿಲ್ಲ. ಯಂತ್ರ ಹೇಳಿದ್ದೇ ಅಂತಿಮ. ಸಂಜೆ ಸಂಘದ ಕೊಠಡಿಯಲ್ಲಿ ವಿಂಕೊ ಲೆಕ್ಕ ಹಾಕಿದ. ಅಳಿಸಿ ಮತ್ತೆ ಹಾಕಿದ. ಡಚೆಸ್‌ನ ವೇಗ ಸೊನ್ನೆಗಿಂತ ಕೆಳಗೆ ಬರುತ್ತಿತ್ತು.

"ಕೊಬಾರ್‌ನಲ್ಲಿ ಬುಟ್ಟಿ ತೆಗೆದಿದ್ದು ಬೆಳಗ್ಗೆ," ಎಂದ ವಿಂಕೊ, ಒಂದೊಂದೇ ಪದ ಅಗಿಯುತ್ತ. "ನಿನ್ನ ಹಕ್ಕಿ ಮನೆಗೆ ಬಂದಿದ್ದು ಅದಕ್ಕಿಂತ ಮುಂಚೆ, ರಾತ್ರಿ. ಅಂದ್ರೆ ಹೊರಡೋ ಮೊದ್ಲೇ ಬಂತು."

"ಒಳ್ಳೆ ಹಕ್ಕಿ," ಎಂದ ಕ್ಲೆಮ್.

"ಕ್ಲೆಮ್, ಎರಡು ಹಕ್ಕಿ ಇಟ್ಕೊಂಡಿದೀಯ. ಒಂದೇ ಥರದವು. ಒಂದನ್ನ ಬುಟ್ಟಿಗೆ ಹಾಕ್ದೆ, ಇನ್ನೊಂದನ್ನ ಮಂಚದ ಕೆಳಗೆ ಇಟ್ಟೆ. ರಾತ್ರಿ ಎದ್ದು ಹಲಗೆ ತುಳಿಸ್ದೆ!"

"ಮೋಸ ಮಾಡೋನು ರಾತ್ರಿ ಎರಡು ಗಂಟೆಗೆ ಯಾಕಪ್ಪಾ ತುಳಿಸ್ತಾನೆ?" ಎಂದೆ ನಾನು. "ಮಧ್ಯಾಹ್ನ ತುಳಿಸಿದ್ರೆ ಆಗ್ತಿರ್ಲಿಲ್ವಾ?"

"ಅದೇ ಅವನ ಚಾಲಾಕಿತನ. ಯಾರಿಗೂ ನಂಬಿಕೆ ಬರದೆ ಇರ್ಲಿ ಅಂತ."

ಈ ತರ್ಕಕ್ಕೆ ಇಡೀ ಕೊಠಡಿ ತಲೆದೂಗಿತು. ನಮ್ಮವರೇ ಹಾಗೆ. ಆ ರಾತ್ರಿಯೇ ಯಾರೋ ಟಾರ್ಚು ಹಿಡಿದು ಕ್ಲೆಮ್‌ನ ಗೂಡಿನ ಸುತ್ತ ಬೂದು ಬಣ್ಣದ ಇನ್ನೊಂದು ಹಕ್ಕಿ ಹುಡುಕಿದರು. ಯಾರು ಎಂದು ಹೇಳಲಾರೆ. ಟಾರ್ಚು ಮಾತ್ರ ನನ್ನದು.

ಕ್ಲೆಮ್‌ಗೆ ಇನ್ನೊಂದು ಅವಕಾಶ ಕೊಟ್ಟರು. ಮುಂದಿನ ಪಂದ್ಯದಲ್ಲೂ ಗಡಿಯಾರ ತಪ್ಪಿದರೆ ಸಂಘದಿಂದ ಹೊರಕ್ಕೆ. ಈ ಊರಿನಲ್ಲಿ ಇರುವುದು ಒಂದೇ ಸಂಘ. ಹೊರಗೆ ಹಾಕಿದರೆ ಅವನ ಹಕ್ಕಿಗಳನ್ನು ಯಾವ ಲಾರಿಯೂ ಹತ್ತಿಸಿಕೊಳ್ಳುವುದಿಲ್ಲ, ಅವನ್ನು ಮಾರಬೇಕು. ಬೂದು ಹೆಣ್ಣಿನ ಮೇಲೆ ಕಣ್ಣಿದ್ದವನು ವಿಂಕೊ ಒಬ್ಬನೇ. ಮರುದಿನ ಸಂಜೆ ಕ್ಲೆಮ್ ಡಚೆಸ್ಸನ್ನು ಎದೆಗೆ ಒತ್ತಿಕೊಂಡು ಕೂತಿದ್ದನ್ನು ಬೇಲಿಯಿಂದ ನೋಡಿ ನನ್ನ ಟಾರ್ಚನ್ನು ಪೆಟ್ಟಿಗೆಯೊಳಗೆ ಹಾಕಿಟ್ಟೆ.

ಹೋಗಲಿ, ಆ ರೋಲಿಗೆ ಫೋನ್ ಮಾಡಿ ನೇರವಾಗಿ ಕೇಳಬಹುದಿತ್ತಲ್ಲ? ಫೋನೇನೋ ಮಾಡಿದ. ಹವಾಮಾನ ವಿಚಾರಿಸಿದ, ಫುಟ್‌ಬಾಲ್ ವಿಚಾರಿಸಿದ, ಕೊನೆಗೆ ಯಾರೋ ಮೂರನೆಯವರ ಸಮಸ್ಯೆಯೆಂಬಂತೆ ಗಡಿಯಾರದ ವಿಷಯ ತೆಗೆದ.

"ಅಷ್ಟೇನಾ ಭಾವ?" ಎಂದನಂತೆ ರೋಲಿ. "ಟೈಮು ಕೈಯಲ್ಲೇ ತಿದ್ದು ಅನ್ನು. ಆಮೇಲೆ ನಿಮ್ಮ ರಾಜಧಾನಿ ಹೆಸರು ಇದೆಯಾ ಅಂತ ನೋಡ್ಕೊಳ್ಳೋಕೆ ಹೇಳು."

"ಅದು ನಂಗೊತ್ತು."

ರೋಲಿ ಅಡಿಲೇಡಿನವನು. ಅವನ ಪಾಲಿಗೆ ನಮ್ಮ ಊರು ಅಡಿಲೇಡಿನ ಹಿತ್ತಿಲು. ನಾವಿರುವುದು ಸಿಡ್ನಿ ರಾಜಧಾನಿಯಾಗಿರುವ ರಾಜ್ಯದಲ್ಲಿ, ಆದರೆ ಗಡಿಯಾರ ಮಾತ್ರ ಅಡಿಲೇಡಿನ ಜೊತೆ, ಸಿಡ್ನಿಗಿಂತ ಅರ್ಧ ಗಂಟೆ ಹಿಂದೆ. ಅಜ್ಜಂದಿರ ಕಾಲದಿಂದ ಹೀಗೇ. ಸಿಡ್ನಿ ನಮ್ಮನ್ನು ಮರೆತಿದೆ, ನಾವು ಅದರ ಗಡಿಯಾರವನ್ನು ಮರೆತಿದ್ದೇವೆ, ಲೆಕ್ಕ ಚುಕ್ತಾ. ಕ್ಲೆಮ್ ಅಡುಗೆಮನೆಯ ಗಡಿಯಾರ ನೋಡಿ ಸಮಯ ತಿದ್ದಿದ, ಸರಿಯಾಯಿತು. ಅಲ್ಲಿಗೆ ಬಿಡಬೇಕಿತ್ತು. ಕೆಳಗೆ ನೋಡಿದರೆ ಅಡಿಲೇಡ್ ಎಂದಿದೆ! "ನಮ್ಮ ರಾಜಧಾನಿ ಅಡಿಲೇಡಾ? ಯಾವಾಗಿನಿಂದ?" ಎಂದು ಗೊಣಗಿ, ಹೆಮ್ಮೆಯಿಂದ ಸಿಡ್ನಿ ಎಂದು ಬದಲಾಯಿಸಿ ಎದ್ದು ಹೋದ. ಬೆನ್ನ ಹಿಂದೆ ಗಡಿಯಾರ ಅರ್ಧ ಗಂಟೆ ಮುಂದಕ್ಕೆ ನೆಗೆಯಿತು.

ಎರಡನೆಯ ಪಂದ್ಯದ ದಿನ ವಿಂಕೊ ತನ್ನ ಹಕ್ಕಿಗಳನ್ನು ಮಗಳಿಗೆ ಒಪ್ಪಿಸಿ, ಕ್ಲೆಮ್‌ನ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತ. ನೋರೀನ್ ಕೊಟ್ಟ ಟೀಯನ್ನೂ ಮೂಸಿ ನೋಡಿ ಕುಡಿದ. ಡಚೆಸ್ ಬಂದಿಳಿದ ಕ್ಷಣ ಕೈಗಡಿಯಾರ ನೋಡಿದ, ಯಂತ್ರ ನೋಡಿದ. ಯಂತ್ರ ಅರ್ಧ ಗಂಟೆ ತಡ ತೋರಿಸುತ್ತಿತ್ತು. ಆ ಲೆಕ್ಕದಲ್ಲಿ ಡಚೆಸ್ ಕೊನೆಯ ಸ್ಥಾನ.

"ನೋಡಿದ್ಯಾ ವಿಂಕೊ?" ಎಂದೆ ನಾನು. "ಅವನಿಗೇ ನಷ್ಟ. ಈಗಾದ್ರೂ ಮೋಸಗಾರ ಅಲ್ಲ ಅಂತ ಒಪ್ಕೋ."

"ಒಪ್ಕೊಳ್ಳೋದಾ? ಹೋದ ಸಲ ಕದ್ದಿದ್ದನ್ನ ಈ ಸಲ ವಾಪಸ್ ಇಡ್ತಿದಾನೆ! ಪಾಪದ ಮನುಷ್ಯನ ಥರ ಕಾಣ್ಲಿ ಅಂತ! ಒಳ್ಳೆಯವನು ಅರ್ಧ ಗಂಟೆ ಯಾಕೆ ವಾಪಸ್ ಕೊಡ್ತಾನೆ, ಹೇಳು? ಕದ್ದಿದ್ರೆ ತಾನೇ ಕೊಡೋದು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ಕ್ಲೆಮ್‌ನದು. "ಎಲ್ಲಾ ನಾನು ಬೇಕು ಅಂತಲೇ ಹಾಗೆ ಇಟ್ಟಿದ್ದು" ಎಂದುಬಿಟ್ಟ. ಗೊತ್ತಿಲ್ಲ ಎನ್ನುವುದಕ್ಕಿಂತ ಕಳ್ಳ ಎನ್ನಿಸಿಕೊಳ್ಳುವುದೇ ವಾಸಿ ಎನಿಸಿರಬೇಕು. ವಿಂಕೊ ಕುರ್ಚಿ ಮಡಚಿಕೊಂಡು ಎದ್ದ, ಎಂಟು ದಿನ ಬಿಟ್ಟು ಬರುವ ಭಾನುವಾರಕ್ಕೆ ಸಭೆ ಕರೆದ.

ಅವಮಾನಕ್ಕೆ ಕ್ಲೆಮ್ ಮರುದಿನ ಭಾನುವಾರ ಯಂತ್ರದ ಮುಚ್ಚಳ ಹಾಕಿ ಮೂರು ದಿನ ಅದರ ಮುಖ ನೋಡಲಿಲ್ಲ. ಅಷ್ಟರಲ್ಲಿ ಮಂಗಳವಾರ ನಮ್ಮ ಬೀದಿಯ ಹಿರಿಯ ಪರ್ಸ್ ಟ್ರಜಿಯನ್, ತೊಂಬತ್ತು ದಾಟಿದವನು, ನಿದ್ದೆಯಲ್ಲೇ ತೀರಿಕೊಂಡ. ಬುಧವಾರ ಕ್ಲೆಮ್ ಮುಚ್ಚಳ ತೆರೆದು, ಆ ಒಳಗಿನ ಯಂತ್ರದಿಂದಲೇ ವಿಧವೆ ಹಿಲ್ಡಾಗೆ ಸಂತಾಪದ ಇ-ಮೇಲ್ ಕಳಿಸಿದ. ಕೊನೆಗೆ "ಇದನ್ನು ಲಿನಕ್ಸ್‌ನಿಂದ ಕಳುಹಿಸಲಾಗಿದೆ" ಎಂಬ ಸಾಲು ಬೇರೆ.

ಹಿಲ್ಡಾ ಟ್ಯಾಬ್ಲೆಟ್ ಹಿಡಿದು ನೇರವಾಗಿ ನನ್ನ ಅಡುಗೆಮನೆಗೆ ಬಂದಳು.

"ಎನಿಡ್, ಓದು. 'ಪರ್ಸ್‌ನ ಅಗಲಿಕೆಯಿಂದ ನಮಗೆಲ್ಲ ಆಘಾತವಾಗಿದೆ.' ಈಗ ಮೇಲೆ ದಿನ ನೋಡು."

ಭಾನುವಾರ ಎಂದಿತ್ತು.

"ಭಾನುವಾರ ನನ್ನ ಗಂಡ ರೋಸ್ಟ್ ತಿಂದು ಎರಡನೇ ಸಲ ಹಾಕಿಸ್ಕೊಂಡ ಕಣೇ," ಎಂದಳು ಹಿಲ್ಡಾ ತಗ್ಗಿದ ದನಿಯಲ್ಲಿ. "ಆಗ್ಲೇ ಇವನಿಗೆ ಆಘಾತ ಆಗಿತ್ತಂತೆ!"

ಊರ ಬಾಯಿಗೆ ಬೀಗ ಹಾಕುವವರಾರು? ಮಧ್ಯಾಹ್ನದೊಳಗೆ ಪೊಲೀಸ್ ಸಾರ್ಜೆಂಟ್ ಟಕ್‌ವೆಲ್ ಕ್ಲೆಮ್‌ನ ಜಗಲಿಗೆ ಬಂದ. ನಾನು ನನ್ನ ಗಿಡಗಳಿಗೆ ನೀರು ಹಾಕುತ್ತಿದ್ದೆ. ಬೇಲಿಯ ಬುಡದಲ್ಲಿ ಗಿಡಗಳಿರಲಿಲ್ಲ, ಆದರೂ ಹಾಕುತ್ತಿದ್ದೆ.

"ನೋಡು ಕ್ಲೆಮ್, ಡಾಕ್ಟರು ವಯಸ್ಸಾಗಿ ಹೋದ ಅಂತಲೇ ಬರೆದಿದಾರೆ. ನಾನು ಸುಮ್ನೆ ಕೇಳ್ತಿರೋದು. ಪರ್ಸ್ ಸಾಯ್ತಾನೆ ಅಂತ ನಿಂಗೆ ಹೇಗೆ ಗೊತ್ತಾಯ್ತು?"

ಯಾವ ಬುದ್ಧಿವಂತನಾದರೂ ಇಲ್ಲಿ ಬಾಯಿ ಬಿಟ್ಟು ನಿಜ ಹೇಳುತ್ತಿದ್ದ. ಕ್ಲೆಮ್ ಗಲ್ಲ ಕೆರೆದುಕೊಂಡ.

"ನೋಡಿದ್ರೇ ಗೊತ್ತಾಗುತ್ತೆ, ಸಾರ್ಜೆಂಟ್. ನಂಗೆ ಇಂಥವೆಲ್ಲ ಮೊದ್ಲೇ ಗೊತ್ತಾಗುತ್ತೆ."

ಸಾರ್ಜೆಂಟ್ ಪೆನ್ನು ಹೊರತೆಗೆದ. ಒಳಗಿನಿಂದ ನೋರೀನ್ ಬಂದು ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಮೊದ್ಲೇ ಗೊತ್ತಾಗುತ್ತಾ? ನನ್ನ ಅಮ್ಮ ಹೋಗೋ ಹಿಂದಿನ ದಿನ ನೀನು ಕಪ್ಪು ಕೋಟು ಇಸ್ತ್ರಿ ಮಾಡಿಸ್ಕೊಂಡು ಬಂದಿದ್ದೆ ಅಲ್ವಾ!" ಎಂದಳು. ಆ ರಾತ್ರಿ ಅವಳು ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಿದಳು.

ಭಾನುವಾರ ಸಂಘದ ಕೊಠಡಿ ತುಂಬಿ ತುಳುಕಿತು. ಪಾರಿವಾಳ ಕಂಡರಾಗದವರೂ ಬಂದಿದ್ದರು. ಮುಂದಿನ ಸಾಲಿನಲ್ಲಿ ಕಪ್ಪುಡುಗೆಯ ಹಿಲ್ಡಾ, ಬಾಗಿಲಲ್ಲಿ ಸಾರ್ಜೆಂಟ್, ಮೇಜಿನ ಮೇಲೆ ಲ್ಯಾಪ್‌ಟಾಪು. ನೋರೀನ್ ಹಟ ಮಾಡಿ ತಮ್ಮನಿಗೆ ಫೋನ್ ಹಚ್ಚಿ ಮೇಜಿನ ಮೇಲಿಟ್ಟಿದ್ದಳು. ವಿಂಕೊ ಗೋಡೆ ಗಡಿಯಾರ ತೋರಿಸಿ, ಯಂತ್ರದ ಸಮಯವನ್ನು ಎಲ್ಲರ ಎದುರಿಗೇ ಅದಕ್ಕೆ ಸರಿಯಾಗಿ ತಿದ್ದುವಂತೆ ಹೇಳಿದ. ಕ್ಲೆಮ್ ತಿದ್ದಿದ. ಹತ್ತಾರು ತಲೆಗಳು ಬಗ್ಗಿ ನೋಡಿ ಸರಿ ಎಂದವು.

ಮೊದಲು ಊಟ, ಆಮೇಲೆ ವಿಚಾರಣೆ ಎಂದಾಯಿತು, ಏಕೆಂದರೆ ಪೇಸ್ಟಿ ಎಂಬ ಮಾಂಸದ ಕಡುಬುಗಳು ಆರುತ್ತಿದ್ದವು. ವಿಂಕೊ ತಟ್ಟೆ ತುಂಬ ನಮ್ಮೂರಿನ ಕೋಸಂಬರಿಯಾದ ಚೀಸ್‌ಸ್ಲಾ ಬಡಿಸಿಕೊಂಡು ಯಂತ್ರವನ್ನು ಕಾಯುತ್ತ ಅದರ ಪಕ್ಕದಲ್ಲೇ ನಿಂತು ತಿಂದ. ತುರಿದ ಚೀಸು, ಗಜ್ಜರಿ ಕೀಲಿಮಣೆಯ ಮೇಲೆ ಉದುರತೊಡಗಿದಾಗ ಕ್ಲೆಮ್ ಹೋಗಿ ಮುಚ್ಚಳ ಮುಚ್ಚಿದ. ಊಟ ಮುಗಿದ ಮೇಲೆ ತೆರೆದ.

ವಿಂಕೊನ ಕೈಯಿಂದ ಚಮಚ ಬಿತ್ತು.

"ಹೋಯ್ತು! ಅರ್ಧ ಗಂಟೆ ಹೋಯ್ತು! ಎಲ್ಲರ ಕಣ್ಣೆದುರಿಗೇ ಹೊಡೆದ!"

ಎಲ್ಲರೂ ನುಗ್ಗಿದರು. ಯಂತ್ರದಲ್ಲಿ ಇನ್ನೂ ಊಟ ಶುರುವಾದ ಹೊತ್ತು. ಸಾರ್ಜೆಂಟ್ ಬಾಗಿಲಿಗೆ ಅಗಳಿ ಹಾಕಿ, ಮೇಜಿನ ಕೆಳಗೆ ಬಗ್ಗಿ ನೋಡಿದ. ಅರ್ಧ ಗಂಟೆಯನ್ನು ಅಲ್ಲಿ ಬಚ್ಚಿಟ್ಟಿದ್ದಾರೆಂದುಕೊಂಡನೋ ಏನೋ. ಅಷ್ಟರಲ್ಲಿ ಫೋನಿನೊಳಗಿಂದ ರೋಲಿಯ ದನಿ ಬಂತು.

"ಭಾವ, ಮುಚ್ಚಳ ಏನಾದ್ರೂ ಹಾಕಿದ್ಯಾ? ಹಾಕ್ಬಾರ್ದು! ಹೊರಗಿನ ಯಂತ್ರ ಮಲಗಿದ್ರೆ ಒಳಗಿಂದು ಹಾಗೇ ಮರಗಟ್ಟುತ್ತೆ. ಎದ್ದಾಗ ಮಲಗಿದ ಹೊತ್ತೇ ಅಂದ್ಕೊಳ್ಳುತ್ತೆ. ಬಂದ ದಿನವೇ ಹೇಳೋಕೆ ಹೋದೆ. ಗೊತ್ತು ಅಂದ್ಯಲ್ಲ?"

ವಿಂಕೊ ಮೇಜಿಗೆ ಎರಡೂ ಕೈ ಊರಿದ.

"ಈಗ ಹೇಳು, ಕ್ಲೆಮ್. ಇದು ನಿಂಗೆ ಗೊತ್ತಿತ್ತಾ, ಇಲ್ವಾ? ಗೊತ್ತಿದ್ದು ಮುಚ್ಚಿದ್ರೆ ಮೋಸಗಾರ. ಇವತ್ತೇ ಹೊರಗೆ. ಡಚೆಸ್ ನನ್ನ ಗೂಡಿಗೆ."

ಬಿಸಿ ತುಪ್ಪ, ನುಂಗಲಾರ, ಉಗುಳಲಾರ. ಕ್ಲೆಮ್ ಕಿಟಕಿಯಾಚೆ ನೋಡಿದ. ನೋರೀನಳ ಕಡೆ ನೋಡಿದ. ಬೆವರು ಒರೆಸಿಕೊಂಡ.

"ನಂಗೆ... ಗೊತ್ತಿರ್ಲಿಲ್ಲ," ಎಂದ. ಆಮೇಲೆ ಕಟ್ಟೆ ಒಡೆಯಿತು. "ಏನೂ ಗೊತ್ತಿಲ್ಲ. ಲಿನಕ್ಸ್ ಅಂದ್ರೆ ಏನು ಅಂತ ಗೊತ್ತಿಲ್ಲ. ಅದು ಮನುಷ್ಯನ ಹೆಸರಾ ಊರಿನ ಹೆಸರಾ ಅಂತ್ಲೂ ಗೊತ್ತಿಲ್ಲ. ನನ್ನ ಹಕ್ಕಿ ಕಿತ್ಕೋಬೇಡಿ."

ನೋರೀನ್ ಬಾಯಿ ಮುಚ್ಚಿಕೊಂಡಳು. ಇಷ್ಟು ವರ್ಷದ ಸಂಸಾರದಲ್ಲಿ ಅವಳಿಗೆ ಇಂಥ ಭಾಗ್ಯ ಒದಗಿರಲಿಲ್ಲ.

"ನಾಟಕ!" ಎಂದ ವಿಂಕೊ. "ನಂಬ್ಬೇಡಿ. ಗೊತ್ತಿದ್ದೂ ಗೊತ್ತಿಲ್ಲ ಅಂತಿದಾನೆ. ಪರೀಕ್ಷೆ ಆಗ್ಲಿ. ರೋಲಿ, ಗಡಿಯಾರ ಸರಿ ಮಾಡೋಕೆ ಅಪ್ಪಣೆ ಕೊಡೋ ಜಾಗ ಎಲ್ಲಿದೆ?"

ರೋಲಿ ಹೇಳಿದಂತೆ ಒಂದು ಕಪ್ಪು ಕಿಟಕಿ ತೆರೆಸಿದರು. ಕ್ಲೆಮ್ ಅದರ ಮುಂದೆ ಕೂತ, ಅಂಗಿಯ ಕಾಲರು ಸರಿಪಡಿಸಿಕೊಂಡ, ಒಂದೇ ಬೆರಳಿನಿಂದ ಬಹಳ ಹೊತ್ತು ಏನೋ ಒತ್ತಿದ. ಸಾರ್ಜೆಂಟ್ ಅವನ ಹೆಗಲ ಮೇಲಿಂದ ಗಟ್ಟಿಯಾಗಿ ಓದಿದ.

"'ಮಾನ್ಯ ಲಿನಕ್ಸ್, ದಯವಿಟ್ಟು ಸರಿಯಾದ ಸಮಯ ತೋರಿಸಬೇಕಾಗಿ ವಿನಂತಿ. ಇಂತಿ, ಕ್ಲೆಮ್ ಪೆಂಗೆಲ್ಲಿ.'"

ಇಂಥ ಅಪ್ಪಣೆಯೇ ಇಲ್ಲ ಎಂದಿತು ಯಂತ್ರ. "ಹಾಗಾದ್ರೆ 'ತಮ್ಮ ವಿಶ್ವಾಸಿ' ಅಂತ ಸೇರಿಸ್ಲಾ?" ಎಂದು ಕ್ಲೆಮ್ ನಮ್ಮ ಕಡೆ ತಿರುಗಿ ಕೇಳಿದ. ಅಲ್ಲಿಗೆ ನಾಟಕದ ಮಾತು ಮುಗಿಯಿತು. ಇಷ್ಟು ಚೆನ್ನಾಗಿ ನಟಿಸಬಲ್ಲ ಮನುಷ್ಯ ಗಣಿಯಲ್ಲಿ ಯಾಕೆ ಕೆಲಸ ಮಾಡುತ್ತಿದ್ದ?

"ಅಂದ್ರೆ ಕ್ಲೆಮ್," ಎಂದಳು ಹಿಲ್ಡಾ ನಿಧಾನವಾಗಿ, "ನೀನು ಪರ್ಸ್‌ಗೆ ಏನೂ ಮಾಡ್ಲಿಲ್ಲ. ನಿಂಗೆ ಅವತ್ತು ಯಾವ ವಾರ ಅಂತ್ಲೇ ಗೊತ್ತಿರ್ಲಿಲ್ಲ."

"ಇಲ್ಲ, ಹಿಲ್ಡಾ."

"ಪರ್ಸ್ ಯಾವಾಗ್ಲೂ ನಿನ್ನ ಬಗ್ಗೆ ಅದನ್ನೇ ಹೇಳ್ತಿದ್ದ," ಎಂದು ಹಿಲ್ಡಾ ಕಣ್ಣೊರೆಸಿಕೊಂಡಳು.

ಕೊನೆಗೆ ರೋಲಿ ಒಂದೊಂದೇ ಅಕ್ಷರ ಹೇಳುತ್ತ ಹೋದ, ಸಾರ್ಜೆಂಟ್ ಒತ್ತುತ್ತ ಹೋದ. ಇನ್ನು ಮೇಲೆ ಒಳಗಿನ ಯಂತ್ರ ಎದ್ದಾಗಲೆಲ್ಲ ಅಂತರ್ಜಾಲದ ಗಡಿಯಾರಗಳನ್ನು ಕೇಳಿ ತಾನೇ ಸಮಯ ಸರಿಮಾಡಿಕೊಳ್ಳಬೇಕೆಂದು ಅಪ್ಪಣೆಯಾಯಿತು. ಗಡಿಯಾರ ಥಟ್ಟನೆ ನೆಗೆದು, ಗೋಡೆಯ ಗಡಿಯಾರಕ್ಕಿಂತ ಅರ್ಧ ಗಂಟೆ ಮುಂದೆ ಹೋಗಿ ನಿಂತಿತು.

"ಸಿಡ್ನಿ ಅಂತಿದೆ ಇಲ್ಲಿ!" ಎಂದ ಸಾರ್ಜೆಂಟ್. "ಯಾರಪ್ಪಾ ಇಟ್ಟಿದ್ದು?"

ಅಂಥ ಹೇಸಿಗೆ ಮಾಡಿದವನನ್ನು ಎಲ್ಲರೂ ನೋಡಿದರು. ಅಡಿಲೇಡ್ ಹಾಕಿ ಎಂದರು ಕೆಲವರು. ಅಡಿಲೇಡಿನ ಹೆಸರು ನಮಗ್ಯಾಕೆ ಎಂದರು ಕೆಲವರು. ಜಗಳ ಹೊತ್ತಿಕೊಳ್ಳುವ ಹೊತ್ತಿಗೆ ಸಾರ್ಜೆಂಟ್ ಊರುಗಳ ಪಟ್ಟಿ ಕೆಳಗೆ ಜಾರಿಸುತ್ತಿದ್ದವನು ಕೈ ನಿಲ್ಲಿಸಿದ.

"ಇಲ್ನೋಡಿ."

ಪಟ್ಟಿಯಲ್ಲಿ ನಮ್ಮ ಊರಿನ ಹೆಸರಿತ್ತು. ಬ್ರೋಕನ್ ಹಿಲ್. ಸಿಡ್ನಿಯ ಅಡಿಯಲ್ಲಲ್ಲ, ಅಡಿಲೇಡಿನ ಆವರಣದಲ್ಲೂ ಅಲ್ಲ. ಸ್ವಂತ ಸಾಲಿನಲ್ಲಿ, ಸ್ವಂತ ಕಾಲಮಾನದೊಂದಿಗೆ. ಭೂಮಿಯ ಮೇಲಿನ ಲಿನಕ್ಸ್ ಯಂತ್ರಗಳಿಗೆಲ್ಲ ನಾವು ಗೊತ್ತಂತೆ. ಹಿಂದಿನ ಸಾಲಿನ ಒಬ್ಬ ಟೋಪಿ ತೆಗೆದ. ವಿಂಕೊ ಹತ್ತಿರ ಹೋಗಿ, ಇದೂ ಮೋಸವಿರಬಹುದೇ ಎಂದು ಅಕ್ಷರಗಳನ್ನು ಉಗುರಿನಿಂದ ಕೆರೆದು ನೋಡಿ, ಮೂಗು ಸೀಟಿಕೊಂಡ.

ಸಾರ್ಜೆಂಟ್ ಅದನ್ನು ಒತ್ತಿದ. ಯಂತ್ರವೂ ಗೋಡೆಯೂ ಒಂದೇ ಸಮಯ ಹೇಳಿದವು.

ಇನ್ನು ಉಳಿದದ್ದು ಕ್ಲೆಮ್‌ನ ವಿಚಾರ. ನಾನು ಕೈ ಎತ್ತಿಸಲು ಎದ್ದು ನಿಂತೆ. ವಿಂಕೊ ನನ್ನನ್ನು ತಡೆದ.

"ಒಂದು ಮಾತು. ಗಡಿಯಾರ ತಿದ್ದೋಕೆ ಬರೋನು ಒಂದಲ್ಲ ಒಂದು ದಿನ ತಿದ್ದೇ ತಿದ್ತಾನೆ. ನಂಗೆ ಬರುತ್ತೆ. ಎನಿಡ್‌ಗೆ ಬರುತ್ತೆ, ಅವಳನ್ನ ನಾನು ಯಾವತ್ತೂ ನಂಬಿಲ್ಲ. ಈಗ ಸಾರ್ಜೆಂಟ್‌ಗೂ ಬರುತ್ತೆ. ಈ ಕೋಣೇಲಿ ಗಡಿಯಾರ ತಿದ್ದೋಕೇ ಬರದೆ ಇರೋ ಮನುಷ್ಯ ಒಬ್ನೇ ಒಬ್ಬ. ಇವತ್ತಿಂದ ನಮ್ಮೆಲ್ಲರ ಗಡಿಯಾರಕ್ಕೂ ಮೊಹರು ಹಾಕೋ ಸಮಯಾಧಿಕಾರಿ ಕ್ಲೆಮ್ ಪೆಂಗೆಲ್ಲಿ. ಅವನು ಬದುಕಿರೋವರೆಗೂ. ಒಪ್ಪೋರು ಕೈ ಎತ್ತಿ."

ಕೊಠಡಿಯ ಕೈಗಳೆಲ್ಲ ಮೇಲೆದ್ದವು. ಒಬ್ಬರನ್ನೊಬ್ಬರು ನಂಬದ ಆ ಸಂಘದಲ್ಲಿ ಎಲ್ಲರೂ ಒಟ್ಟಿಗೆ ಕೈ ಎತ್ತಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಕ್ಲೆಮ್‌ನ ಎದೆ ಉಬ್ಬಿತು. ಕೆನ್ನೆ ಕೆಂಪಾಯಿತು.

"ಒಂದ್ನಿಮಿಷ. ಹಾಗಂತ ನಂಗೆ ಪೂರ್ತಿ ಏನೂ ಗೊತ್ತಿಲ್ಲ ಅಂತಲ್ಲ. ಈಗ ಸಾರ್ಜೆಂಟ್ ಮಾಡಿದ್ದು ನೋಡ್ತಾ ನೋಡ್ತಾ ನಂಗೆ..."

ಕೈಗಳು ಒಂದೊಂದಾಗಿ ಕೆಳಗಿಳಿಯತೊಡಗಿದವು. ವಿಂಕೊನ ಹುಬ್ಬು ಮೇಲೇರಿತು. ನೋರೀನಳ ಬೂಟಿನ ಹಿಮ್ಮಡಿ ಗಂಡನ ಪಾದದ ಮೇಲೆ ಭದ್ರವಾಗಿ ಬಂದು ಕೂತಿತು.

"ನಂಗೆ ಏನೂ ಗೊತ್ತಿಲ್ಲ," ಎಂದ ಕ್ಲೆಮ್, ಕಣ್ಣಲ್ಲಿ ನೀರು ತುಂಬಿಕೊಂಡು.

ಕೈಗಳೆಲ್ಲ ಮತ್ತೆ ಮೇಲೆದ್ದವು.